ಹಂಚು ಇಡದ ಮಂಗಳವಾರ

ಕೊನೆಯ ಚಪಾತಿ ಇನ್ನೂ ತವೆಯ ಮೇಲಿರುವಾಗಲೇ ವರದಾ ಹಗ್ಗದ ಗಂಟಿಗೆ ಕೈಹಾಕಿದ್ದಳು. ಹೋದ ವಾರ ಕಿತ್ತೂರಿನಲ್ಲಿ ಹಗ್ಗಜಗ್ಗಾಟ ನಡೆದಿರುವಾಗಲೇ ಮಳೆ ಬಂದಿತ್ತು. ಯಾರೋ ಹಗ್ಗವನ್ನು ತೊಯ್ದದ್ದು ತೊಯ್ದ ಹಾಗೆಯೇ ಸುತ್ತಿ ಚೀಲಕ್ಕೆ ತುಂಬಿದ್ದರು. ಒಣಗಿದ ಮೇಲೆ ಗಂಟು ಕಲ್ಲಿನಂತಾಗಿತ್ತು. ಅವಳು ಒಂದು ಕೈಯಿಂದ ಚಪಾತಿ ತಿರುವುತ್ತ, ಇನ್ನೊಂದು ಕೈಯ ಉಗುರಿನಿಂದ ನಾರು ಬಿಡಿಸುತ್ತಿದ್ದಳು. ಗಂಟು ಬಿಚ್ಚುವಷ್ಟರಲ್ಲಿ ಚಪಾತಿಯ ಅಂಚು ಕರಕಾಯಿತು. ಕರಕಾದದ್ದನ್ನು ತನ್ನ ತಾಟಿಗೆ ಹಾಕಿಕೊಂಡಳು.

"ಅಡಿಗಿ ಮನ್ಯಾಗ ಎತ್ತು ಕಟ್ಟೋ ಹಗ್ಗ ಯಾಕ ತಂದೀ ವರದಾ?" ಎಂದು ಬಾಗಿಲಲ್ಲಿ ನಿಂತ ಅತ್ತೆ ಇಂದಿರಾಬಾಯಿ ಕೇಳಿದರು.

"ಎತ್ತಿಂದಲ್ರಿ ಅತ್ಯಾ. ಹೆಣ್ಣಮಕ್ಕಳದು, ಜಗ್ಗಾಟದ್ದು."

"ಎರಡೂ ಒಂದ. ಜಗ್ಗೋದಂತೂ ತಪ್ಪಲಿಲ್ಲ."

ಅತ್ತೆ ಅದನ್ನು ತಮಾಷೆಗೆ ಹೇಳಿದರೋ ಬೇಸರಕ್ಕೆ ಹೇಳಿದರೋ ವರದಾಗೆ ತಿಳಿಯಲಿಲ್ಲ. ತಿಳಿದುಕೊಳ್ಳಲು ಹೊತ್ತೂ ಇರಲಿಲ್ಲ. ಗಂಡ ಮಿಲಿಂದ ಊಟದ ಡಬ್ಬಿಯ ಮುಚ್ಚಳ ಹುಡುಕುತ್ತ ಬಂದ. ಮುಚ್ಚಳ ಅವನ ಕಣ್ಣೆದುರಿಗೇ, ಡಬ್ಬಿಯ ಪಕ್ಕದಲ್ಲೇ ಇತ್ತು. ವರದಾ ಎತ್ತಿ ಕೊಟ್ಟಳು.

"ಇವತ್ತ ಅಲ್ಲೇನು ನಿನ್ನ ಪರೀಕ್ಷಾ?"

"ಹೂಂ."

"ಪಾಸಾದ್ರ ಪೇಢೆ ತರತೇನಿ."

"ನಪಾಸಾದ್ರ?"

"ಆವಾಗೂ ತರತೇನಿ. ತಿನ್ನಾವ್ರು ಹೆಂಗೂ ನಾನು, ಅವ್ವ."

ವರದಾ ನಕ್ಕಳು. ಹನ್ನೊಂದು ವರ್ಷಗಳಿಂದ ಬೇರೆಯವರನ್ನು ನಗಿಸುವುದೇ ಉದ್ಯೋಗವಾಗಿರುವವಳಿಗೆ ನಗುವುದು ಕಷ್ಟವಲ್ಲ. ಕೆನ್ನೆಗಳು ತಾವಾಗಿಯೇ ಆ ಕೆಲಸ ಮಾಡಿ ಮುಗಿಸುತ್ತವೆ.

ಮಿಲಿಂದ ಪರೀಕ್ಷೆ ಎಂದದ್ದು ಸುಳ್ಳಲ್ಲ. ವರದಾ ಬೈಲಹೊಂಗಲದ ಒಂದು ಟ್ರಸ್ಟಿನಲ್ಲಿ ಕಾರ್ಯಕ್ರಮ ಸಂಯೋಜಕಿ. ಸುತ್ತಲಿನ ಹಳ್ಳಿಗಳಲ್ಲಿ ಹೆಣ್ಣುಮಕ್ಕಳಿಗೆ, ವಯಸ್ಸಾದವರಿಗೆ ಆಟ, ಹಾಡು, ಕೂಟಗಳನ್ನು ಏರ್ಪಡಿಸುವುದು ಟ್ರಸ್ಟಿನ ಕೆಲಸ. ಪ್ರತಿವರ್ಷ ಮಾರ್ಚ್ ಬಂತೆಂದರೆ ಅವಳ ಒಪ್ಪಂದ ಮುಗಿಯುತ್ತದೆ, ಏಪ್ರಿಲ್‌ನಲ್ಲಿ ಮತ್ತೆ ಒಂದು ವರ್ಷಕ್ಕೆ ಬರೆಯುತ್ತಾರೆ. ಈ ವರ್ಷ ಟ್ರಸ್ಟು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕಕ್ಕೂ ಸೇರಿ ಒಬ್ಬ ಖಾಯಂ ಸಂಯೋಜಕರನ್ನು ನೇಮಿಸಲಿತ್ತು. ಬೆಳಗಾವಿಯಿಂದ ಅಧ್ಯಕ್ಷೆ ಶರ್ವರಿ ಮೇಡಂ ಇವತ್ತು ದೊಡವಾಡದ ಕಾರ್ಯಕ್ರಮ ನೋಡಲು ಬರುವವರಿದ್ದರು. ಅವರಿಗೆ ಮೆಚ್ಚಿಗೆಯಾದರೆ ಆ ಕುರ್ಚಿ ವರದಾಳದು. ಆಗದಿದ್ದರೆ ಬೆಳಗಾವಿಯ ಇನ್ಯಾರೋ ಡಿಗ್ರಿಯವರು ಬರುತ್ತಾರೆ, ವರದಾ ಅವರ ಕೈಕೆಳಗೆ ಮತ್ತೆ ಏಪ್ರಿಲ್‌ಗಾಗಿ ಕಾಯಬೇಕು.

ಖಾಯಂ. ನಲವತ್ತಾರನೆಯ ವಯಸ್ಸಿನಲ್ಲಿ ಆ ಒಂದು ಮಾತಿಗಾಗಿ ಆಸೆಪಡುವುದು ಅವಳಿಗೇ ನಾಚಿಕೆ ತರಿಸುತ್ತಿತ್ತು. ಆದರೂ ಆಸೆ ಇತ್ತು.

ಹೊಸದಾಗಿ ಮದುವೆಯಾಗಿ ಈ ಓಣಿಗೆ ಬಂದಾಗ ಗಣೇಶನ ಹಬ್ಬದಲ್ಲಿ ಸಂಗೀತ ಕುರ್ಚಿ ಆಡಿಸುವವನ ಗಂಟಲು ಕಟ್ಟಿ, ಮೈಕು ಇವಳ ಕೈಗೆ ಬಂದಿತ್ತು. "ನಿಮ್ಮ ಸೊಸಿ ಬಾಯಿ ಛೊಲೋ ಅದ" ಎಂದು ನೆರೆಯವರು ಇಂದಿರಾಬಾಯಿಗೆ ಹೇಳಿದ್ದರು. ಅಲ್ಲಿಂದ ಶಾಲೆಗಳ ಗ್ಯಾದರಿಂಗು, ಅರಿಷಿಣ-ಕುಂಕುಮ, ನಿವೃತ್ತರ ಪ್ರವಾಸ. ಆಮೇಲೆ ಟ್ರಸ್ಟು. ಮೈಕು ಹಿಡಿಯುವುದು ಈ ಕೆಲಸದ ಕೊನೆಯ ಕೆಲಸ ಎಂಬುದು ಅವಳಿಗೆ ಬೇಗ ಗೊತ್ತಾಯಿತು. ಮೊದಲು ಪೆಂಡಾಲಿನವನ ಬೆನ್ನು ಹತ್ತಬೇಕು, ಪಂಚಾಯ್ತಿಯ ಪರವಾನಗಿ ತರಬೇಕು, ಕುಡಿಯುವ ನೀರು ನೋಡಬೇಕು. ಯಾವ ಊರಿಗೆ ಹೋದರೂ ಅವಳು ಮೊದಲು ಕೇಳುವುದು ಹೆಣ್ಣುಮಕ್ಕಳಿಗೆ ಸಂಡಾಸು ಎಲ್ಲಿದೆ ಎಂದು. ಅದಿಲ್ಲದ ಕಡೆ ಹೆಂಗಸರು ಬರುತ್ತಾರೆ, ಆದರೆ ಬೇಗ ಎದ್ದು ಹೋಗುತ್ತಾರೆ. ಇಷ್ಟೆಲ್ಲ ಮಾಡಿಯೂ ನೆಂಟರ ಮನೆಯ ಮುಂಜಿವೆ, ಮದುವೆಗಳಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುತ್ತಿದ್ದರು. "ಆಟ ಆಡಸಲಿಕ್ಕೂ ಪಗಾರ ಕೊಡ್ತಾರೇನವಾ?"

ಹೊರಗೆ ಹಾರ್ನ್ ಕೇಳಿಸಿತು. ಟ್ರಸ್ಟಿನ ಪುಟ್ಟ ಟೆಂಪೋ ತಂದಿದ್ದ ಚಾಲಕ ಪರಶು. ವರದಾ ನಿಂತೇ ಚಪಾತಿ ತಿಂದು, ಹಗ್ಗ ಹೆಗಲಿಗೆ ಹಾಕಿಕೊಂಡು ಹೊರಟಳು.

ಟೆಂಪೋದ ಹಿಂದೆ ಇವತ್ತು ಹಗ್ಗ, ಚೆಂಡು, ಕವಡೆಯ ಚೀಲಗಳಷ್ಟೇ ಇರಲಿಲ್ಲ. ಗ್ಯಾಸಿನ ಒಲೆಗಳಿದ್ದವು, ಸಿಲಿಂಡರ್‌ಗಳಿದ್ದವು, ರೊಟ್ಟಿ ಬೇಯಿಸುವ ಹೊಸ ಹಂಚುಗಳಿದ್ದವು, ಜೋಳದ ಹಿಟ್ಟಿನ ಚೀಲವಿತ್ತು. ರೊಟ್ಟಿ ಬಡಿಯುವ ಸ್ಪರ್ಧೆ. ಅದು ಅಜಿತನ ಯೋಚನೆ. ಟ್ರಸ್ಟಿನ ವ್ಯವಸ್ಥಾಪಕನಾದ ಅಜಿತ ವರದಾಗಿಂತ ಬಹಳ ಚಿಕ್ಕವನು, ಕೆಟ್ಟವನಲ್ಲ. "ಮೇಡಂ, ಶರ್ವರಿ ಮೇಡಂ ಬಂದಾಗ ಏನರ ನೋಡೂಹಂಗ ಇರಬೇಕ್ರಿ. ಬೆಂಕಿ, ರೊಟ್ಟಿ, ಬಳಿ ಸಪ್ಪಳ. ನಮ್ಮ ಸಂಸ್ಕೃತಿ! ಫೋಟೋ ಎಷ್ಟ ಛೊಲೋ ಬರತಾವ ಅಂತೀರಿ" ಎಂದಿದ್ದ. ಹಳ್ಳಿಯವರಿಗೆ ಮೊದಲೇ ಹೇಳಬಾರದು, ಸರ್‌ಪ್ರೈಸ್ ಇರಲಿ ಎಂದೂ ಹೇಳಿದ್ದ. ಹೀಗಾಗಿ ಹಳ್ಳಿಗೆ ಕಳಿಸಿದ ಆಮಂತ್ರಣದಲ್ಲಿ 'ವಿಶೇಷ ಸ್ಪರ್ಧೆ' ಎಂದಷ್ಟೇ ಇತ್ತು.

ದಿನಬೆಳಗಾದರೆ ರೊಟ್ಟಿ ಬಡಿಯುವವರನ್ನು ಕರೆದು ಮತ್ತೆ ರೊಟ್ಟಿ ಬಡಿಯಲು ಹಚ್ಚುವುದು ಎಂಥ ಆಟ ಎಂದು ವರದಾ ಅವತ್ತು ಕೇಳಬಹುದಿತ್ತು. ಬಾಯಿಯವರೆಗೆ ಬಂದದ್ದನ್ನು ನುಂಗಿದಳು. ಖಾಯಂ ಆದ ಮೇಲೆ ಕೇಳಿದರಾಯಿತು ಎಂದುಕೊಂಡಳು.

ದೊಡವಾಡ ಅವಳ ಕೆಲಸದಲ್ಲಿ ಅವಳಿಗೆ ಎಲ್ಲಕ್ಕಿಂತ ಹತ್ತಿರವಾದ ಊರು. ಮೊದಮೊದಲು ಅಲ್ಲಿ ಭಾನುವಾರ ಕಾರ್ಯಕ್ರಮ ಇಡುತ್ತಿದ್ದಳು. ಸಾಲಾಗಿ ಹಾಕಿದ ಕುರ್ಚಿಗಳ ಮುಂದೆ ಸೀಟಿ ಹಿಡಿದು ಒಬ್ಬಳೇ ನಿಲ್ಲುತ್ತಿದ್ದಳು. ಹೆಂಗಸರಿಗೆ ಭಾನುವಾರ ಎಂಬುದೇ ಇರಲಿಲ್ಲ. ಕಳೆ ತೆಗೆಯಲು ಹೋದವರು ಸಂಜೆಗೆ ಬರುತ್ತಿದ್ದರು, ಬಂದವರೇ ಒಲೆಯ ಮುಂದೆ ಕೂರುತ್ತಿದ್ದರು. ಒಂದು ಸಲ ಸೋಮವ್ವ ಎಂಬಾಕೆ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ದಾಟಿ ಹೋಗುವಾಗ ನಿಂತು ಹೇಳಿದ್ದಳು. "ಅಕ್ಕಾರ, ಆಟ ಆಡಸೂದಿದ್ರ ವಾರ ಹಿಡದ ಮಂಗಳವಾರ ಬರ್ರಿ. ಅವತ್ತ ದೇವಿ ನಮ್ಮನ್ನ ಬಿಟ್ಟಿರ್ತಾಳ."

ಮುಂಗಾರಿನ ಬಿತ್ತನೆ ಮುಗಿದ ಮೇಲೆ ಊರದೇವಿಯ ಹೆಸರಿನಲ್ಲಿ ಅಲ್ಲಿ ಐದು ಮಂಗಳವಾರ 'ವಾರ' ಹಿಡಿಯುತ್ತಾರೆ. ಆ ದಿನ ಎತ್ತಿನ ಹೆಗಲಿಗೆ ನೊಗವಿಲ್ಲ. ಹೊಲಕ್ಕೆ ಹೋಗುವಂತಿಲ್ಲ, ಗಿರಣಿ ತಿರುಗುವಂತಿಲ್ಲ. ಮುಖ್ಯವಾಗಿ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಅಂದರೆ ರೊಟ್ಟಿ ಬಡಿಯುವಂತಿಲ್ಲ. ಹಿಂದಿನ ದಿನ ಮಾಡಿಟ್ಟ ಕಟಿರೊಟ್ಟಿ, ಮೊಸರು, ಶೇಂಗಾ ಚಟ್ನಿಯಲ್ಲಿ ಮನೆಯವರು ಸುಮ್ಮನೆ ಉಣ್ಣಬೇಕು. ಬಿಸಿರೊಟ್ಟಿ ಬೇಕೆಂದು ಅವತ್ತು ಯಾವ ಗಂಡಸೂ ಬಾಯಿ ತೆಗೆಯುವುದಿಲ್ಲ, ದೇವಿಯ ಭಯ.

ಅದು ಗೊತ್ತಾದ ವರ್ಷದಿಂದ ವರದಾ ಆ ಮಂಗಳವಾರಗಳಿಗೆ ಹೋಗತೊಡಗಿದಳು. ಗುಡಿಯ ಹಿಂದಿನ ಸಮುದಾಯ ಭವನ ಹೆಂಗಸರಿಂದ ತುಂಬುತ್ತಿತ್ತು. ಫುಗಡಿ ಆಡಿ, ಕೈಕೈ ಹಿಡಿದು ಗರಗರ ತಿರುಗಿ, ತಲೆ ತಿರುಗಿ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೆಲವರು ಕವಡೆ ಹಾಕಿ ಚೌಕಾಬಾರ ಆಡುತ್ತಿದ್ದರು. ಕೆಲವರು ಏನೂ ಆಡದೆ ಗೋಡೆಗೊರಗಿ ನಿದ್ದೆ ಹೊಡೆಯುತ್ತಿದ್ದರು. ಹಾಗೆ ಮಲಗಿದವರನ್ನು ವರದಾ ಎಂದೂ ಎಬ್ಬಿಸಿರಲಿಲ್ಲ.

ಈ ವರ್ಷದ ಐದೂ ವಾರ ಮುಗಿದಿದ್ದವು. ಇನ್ನು ಹಂಚಿಗೆ ತಡೆಯಿಲ್ಲ, ಹೆಂಗಸರಿಗೆ ಮಂಗಳವಾರ ಕೂಡಿದ ರೂಢಿಯೂ ಇದೆ ಎಂದು ಲೆಕ್ಕ ಹಾಕಿಯೇ ಅವಳು ಮುಂದಿನ ಮಂಗಳವಾರವನ್ನು, ಅಂದರೆ ಇವತ್ತನ್ನು, ಅಜಿತನಿಗೆ ಹೇಳಿದ್ದಳು.

ಭವನದ ಮುಂದೆ ಟೆಂಪೋ ನಿಂತಾಗ ಹೆಂಗಸರು ಆಗಲೇ ಸೇರಿದ್ದರು. ಇಳಕಲ್ಲ ಸೀರೆ, ಎಣ್ಣೆ ಹಚ್ಚಿ ಬಾಚಿದ ತಲೆ. ಸೋಮವ್ವ ಎಲ್ಲರಿಗಿಂತ ಮುಂದೆ ಇದ್ದಳು.

"ಬರ್ರಿ ಅಕ್ಕಾರ. ಅದೇನದು ವಿಶೇಷ ಸ್ಪರ್ಧಾ? ಹುಡುಗಿಯಾರು ಮುಂಜಾನಿಂದ ತಲಿ ತಿನ್ನಾಕ ಹತ್ತ್ಯಾರ."

ಪರಶು ಒಲೆಗಳನ್ನು ಇಳಿಸಿದ. ಆಮೇಲೆ ಹಂಚುಗಳನ್ನು ಇಳಿಸಿದ. ಒಂದರ ಮೇಲೊಂದು ಇಟ್ಟಾಗ ಖಣ್ ಎಂದ ಸಪ್ಪಳಕ್ಕೆ ಮಾತು ನಿಂತಿತು. ಹೆಂಗಸರು ಹಂಚುಗಳನ್ನು ನೋಡಿದರು, ಸೋಮವ್ವನನ್ನು ನೋಡಿದರು. ಯಾರೋ ಒಬ್ಬಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಅಕ್ಕಾರ" ಎಂದಳು ಸೋಮವ್ವ ಮೆಲ್ಲಗೆ, "ಇವತ್ತ ಹಂಚು ಯಾಕ ತಂದ್ರಿ?"

"ರೊಟ್ಟಿ ಬಡಿಯೋ ಸ್ಪರ್ಧಾ ಅದ ಸೋಮವ್ವಾ. ಯಾಕ?"

"ಇವತ್ತ ವಾರ ಐತೆಲ್ರಿ."

"ವಾರ ಹೋದ ಮಂಗಳವಾರಕ್ಕ ಮುಗೀತಲ್ಲ?"

"ಎಲ್ಲಿ ಮುಗೀತ್ರಿ? ನಡುವ ಒಂದು ವಾರ ಪೂಜಾರಿ ಮನ್ಯಾಗ ಹಿರ್ಯಾರು ತೀರಿಕೊಂಡ್ರು. ದೇವಿಗಿ ಸೂತಕ ಬಂತು, ಆ ವಾರ ಲೆಕ್ಕಕ್ಕ ಬರಲಿಲ್ಲ. ಇವತ್ತ ಐದನೇದು."

ಆ ಮಂಗಳವಾರ ವರದಾ ರಾಮದುರ್ಗದ ಕಡೆ, ಕಟಕೋಳದಲ್ಲಿ ಇದ್ದಳು. ಅಲ್ಲಿ ಶಾಲೆಯ ಕಾರ್ಯಕ್ರಮವಿತ್ತು. ದೊಡವಾಡಕ್ಕೆ ಬರುವುದಿಲ್ಲ ಎಂದು ಮೊದಲೇ ತಿಳಿಸಿದ್ದಳು. ಮಂಗಳವಾರ ಮಂಗಳವಾರವೇ, ಅದು ಲೆಕ್ಕದಿಂದ ಬಿಟ್ಟುಹೋಗಬಹುದು ಎಂಬುದು ಅವಳ ತಲೆಗೇ ಬಂದಿರಲಿಲ್ಲ.

"ಒಂದು ಮಾತು ತಿಳಸಬೇಕಿಲ್ಲೋ?"

"ನಿಮಗ ಗೊತ್ತಿರತೈತಿ ಅಂತ ತಿಳಕೊಂಡ್ವಿ. ನಮ್ಮ ವಾರ ನಮಗಿಂತ ನಿಮಗ ಹೆಚ್ಚು ನೆನಪಿರತೈತಿ ಅಂತ ಆಡಿಕೋತಿರ್ತೀವಿ" ಎಂದಳು ಸೋಮವ್ವ. ನಗಿಸಲೆಂದು ಹೇಳಿದ್ದು, ಯಾರೂ ನಗಲಿಲ್ಲ.

ಅಷ್ಟರಲ್ಲಿ ಅಜಿತ ಬೈಕಿನ ಮೇಲೆ ಬಂದ. ಅವನ ಹಿಂದೆ ಗುಡಿಯ ಕಮಿಟಿಯ ಹಿರಿಯ ಗಂಗಯ್ಯ. ರೊಟ್ಟಿ ಸ್ಪರ್ಧೆಯ ಗುಟ್ಟನ್ನು ಊರಲ್ಲಿ ಆತನೊಬ್ಬನಿಗೇ ಹೇಳಿದ್ದರು, ಫೋನಿನಲ್ಲೇ ಖುಷಿಯಿಂದ ಒಪ್ಪಿದ್ದ. ಯಾವತ್ತು ಎಂದು ಕೇಳುವುದನ್ನು ಮರೆತಿದ್ದ. ಈಗ ವಿಷಯ ತಿಳಿದು ಇಬ್ಬರೂ ತಲೆ ಕೆರೆದುಕೊಂಡರು.

"ಶರ್ವರಿ ಮೇಡಂ ದಾರಿಯಾಗ ಅದಾರ" ಎಂದ ಅಜಿತ. "ಬರೇ ಕೂತು ಬಡದಂಗ ಮಾಡ್ರಿ. ಒಲಿ ಹಚ್ಚೂದ ಬ್ಯಾಡ."

"ದೇವಿ ಮುಂದ ನಾಟಕ ಮಾಡೂದೇನ್ರಿ ಸರ?" ಎಂದಿತು ಹಿಂದಿನಿಂದ ಒಂದು ದನಿ.

ಗಂಗಯ್ಯ ಗಂಟಲು ಸರಿಮಾಡಿಕೊಂಡ. "ನೋಡ್ರವಾ, ಹಿರ್ಯಾರು ವಾರ ಹಿಡದಾಗ ಇದ್ದದ್ದು ಕಟಿಗಿ ಒಲಿ. ಹಂಚು ಇಡಬಾರದು ಅಂದದ್ದು ಕಟಿಗಿ ಒಲಿ ಮ್ಯಾಲ. ಇವು ಗ್ಯಾಸಿನ ಒಲಿ. ಆವಾಗ ಗ್ಯಾಸ್ ಎಲ್ಲಿತ್ತು? ಗ್ಯಾಸಿನ ಒಲಿಗಿ ವಾರದ ಬಂಧನ ಇಲ್ಲ ಅಂತ ನನಗ ಅನಸತೈತಿ."

"ನಿಮಗ ಅನಸತೈತಿ ಕಾಕಾರ" ಎಂದಳು ಸೋಮವ್ವ, "ದೇವಿಗಿ ಅನಸಬೇಕಲ್ಲ."

"ನಾ ಹೋಗಿ ಕೇಳಿಕೊಂಡು ಬರತೇನಿ ಬೇಕಾದ್ರ, ಮೂರ್ತಿಗಿ ಹೂವು ಹಚ್ಚಿ. ಬಲಕ್ಕ ಬಿದ್ರ ದೇವಿ ಒಪ್ಪಿದಂಗ."

"ಹಂಗಾದ್ರ ನೀವ ಕುಂತು ಬಡೀರಿ. ನಾವು ನೋಡತೇವಿ."

"ಏ, ನಂಗೆಲ್ಲಿ ಬರತೈತಿ ಹುಚ್ಚಿ?"

"ಬರದದ್ದನ್ನ ಮಾಡಿದ್ರ ಆಟ, ಕಾಕಾರ. ಬರೂದನ್ನ ಮಾಡಿದ್ರ ಅದು ಕೆಲಸ."

ಈಗ ನಗು ಎದ್ದಿತು. ಗಂಗಯ್ಯನೂ ಮೀಸೆಯಡಿಯಲ್ಲಿ ನಕ್ಕ. ಇನ್ನೊಬ್ಬಾಕೆ ಕೇಳಿದಳು. "ಗೆದ್ದಾಕಿಗಿ ಏನ್ರಿ ಬಹುಮಾನ?"

ಅಜಿತ ಹಂಚಿನ ಕಡೆ ಕೈ ತೋರಿಸಿದ. "ಇದ. ಹೊಸಾದು."

"ಅಯ್ಯ ಶಿವನ! ಗೆದ್ದದ್ದಕ್ಕ ಮತ್ತ ಬಡಿ ಅಂತ ಹಂಚು ಕೊಡ್ತೀರಿ? ಒಂದಿನ ಬಡೀಬ್ಯಾಡ ಅಂತ ರಜಾ ಕೊಡ್ರಿ, ನೋಡೂಣು."

ನಗು ಮತ್ತೆ ಎದ್ದು, ಹಾಗೆಯೇ ಇಳಿಯಿತು. ಎಲ್ಲರ ಕಣ್ಣೂ ವರದಾಳ ಮೇಲೆ ನಿಂತವು. ಅವಳು ಭವನದ ಮೆಟ್ಟಿಲಿನ ಮೇಲೆ ಕೂತಳು.

ಸೋಮವ್ವ ಬಂದು ಪಕ್ಕದಲ್ಲಿ ಕೂತಳು. ಯಾರಿಗೂ ಕೇಳಿಸದ ಹಾಗೆ ಹೇಳಿದಳು. "ಇವತ್ತಿನ ಮ್ಯಾಲ ನಿಮ್ಮ ನೌಕರಿ ನಿಂತೈತಿ ಅಂತ ಪರಶು ಹೇಳಿದ, ಹೌದೇನ್ರಿ?"

ವರದಾ ಸುಳ್ಳು ಹೇಳಲಿಲ್ಲ. "ಹೌದು."

"ಹಂಗಾದ್ರ ನಾ ಹಂಚು ಇಡತೇನಿ. ನಾ ಕುಂತ್ರ ಉಳದವ್ರೂ ಕುಂದರತಾರ. ದೇವಿಗಿ ನಾ ತಪ್ಪು ಒಪ್ಪಿಕೊಂಡು ಬರತೇನಿ. ನಮ್ಮ ದೇವಿ ಹೆಂಗಸಲ್ಲೇನ್ರಿ, ಆಕಿಗೆ ತಿಳೀತೈತಿ."

ವರದಾ ಆಕೆಯ ಕೈ ನೋಡಿದಳು. ಅಂಗೈ ತುಂಬ ಕಳೆ ಕಿತ್ತು ಬಿದ್ದ ಬಿರುಕು. ಬೆರಳ ತುದಿಗಳಲ್ಲಿ ಹಂಚಿನ ಬಿಸಿಗೆ ಸುಟ್ಟು ಗಟ್ಟಿಯಾದ ಚರ್ಮ. 'ಹೂಂ' ಎಂದರೆ ಸಾಕಿತ್ತು. ಅಷ್ಟರಿಂದಲೇ ಹನ್ನೊಂದು ವರ್ಷದ ದಣಿವಿಗೆ ಒಂದು ಕುರ್ಚಿ ಸಿಗುತ್ತಿತ್ತು. ಅವಳು ಹೂಂ ಎನ್ನಲು ಬಾಯಿ ತೆರೆದದ್ದೂ ನಿಜ.

ಆದರೆ ಆಗಲೇ ಅಂಗಳದಲ್ಲಿ ಗಂಗಯ್ಯ ಇನ್ನೊಬ್ಬ ಗಂಡಸಿನೊಂದಿಗೆ ಮಾತಾಡುವುದು ಕೇಳಿಸಿತು. "ಖರೇ ಅಂದ್ರ ಇದನ್ನ ಮೊದಲ ವಿಚಾರ ಮಾಡಬೇಕಿತ್ತು. ಈಗ ಎಲ್ಲಾರ ಮನ್ಯಾಗೂ ಗ್ಯಾಸ್ ಐತಿ. ಕಟಿಗಿ ಒಲಿ ಎಷ್ಟು ಮನ್ಯಾಗ ಉಳದಾವ?"

ಆತ ಕೆಟ್ಟದ್ದನ್ನೇನೂ ಬಯಸಿರಲಿಲ್ಲ. ವರದಾಗೆ ನೆರವಾಗಲೆಂದೇ ದಾರಿ ಹುಡುಕಿದ್ದ. ಆದರೆ ಇವತ್ತು ಇಲ್ಲಿ ಗ್ಯಾಸಿನ ಮೇಲೆ ಹಂಚು ಕೂತರೆ, ಬರುವ ವರ್ಷ ವಾರದ ದಿನ ಪ್ರತಿ ಮನೆಯಲ್ಲೂ ಕೂರುತ್ತದೆ. 'ಅವತ್ತು ದೊಡ್ಡ ಮಂದಿಯ ಮುಂದೆ ಇಟ್ಟರಲ್ಲ, ಏನಾಯಿತು? ಬಿಸಿ ಬಿಸಿ ಎರಡು ರೊಟ್ಟಿ ಮಾಡು' ಎನ್ನುತ್ತಾರೆ. ಯಾರೂ ಜಗಳವಾಡುವುದಿಲ್ಲ, ಯಾರೂ ಬೈಯುವುದಿಲ್ಲ. ಆ ಐದು ಮಂಗಳವಾರಗಳು ಸದ್ದಿಲ್ಲದೆ ಉಳಿದ ಮಂಗಳವಾರಗಳೊಳಗೆ ಸೇರಿಹೋಗುತ್ತವೆ. ಅದನ್ನು ಮಾಡಿದವಳು ಆಟ ಆಡಿಸಲು ಬಂದ ವರದಾ ಅಕ್ಕ.

"ಬ್ಯಾಡ ಸೋಮವ್ವಾ" ಎಂದಳು. ದನಿ ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಬಂತು. "ಪರಶು, ಎಲ್ಲಾ ತಿರುಗಿ ಗಾಡ್ಯಾಗ ಇಡು. ಹಂಚು, ಒಲಿ, ಹಿಟ್ಟು, ಎಲ್ಲಾ. ಮ್ಯಾಲ ತಾಡಪತ್ರಿ ಮುಚ್ಚು."

"ಮೇಡಂ" ಎಂದ ಅಜಿತ ಹತ್ತಿರ ಬಂದು, "ನಿಮಗ ಒಳ್ಳೇದಾಗಲಿ ಅಂತ ಇಷ್ಟೆಲ್ಲಾ ಮಾಡಿದ್ನಿ."

"ಗೊತ್ತದರಿ ಸರ್. ನಾ ಒಲ್ಲೆ ಅನ್ನಲಿಕ್ಕೆ ಹತ್ತೇನಿ, ನೀವಲ್ಲ. ಹಂಗ ಹೇಳ್ರಿ ಮೇಡಮ್ಮಗ."

ಶರ್ವರಿ ಮೇಡಂ ಬಂದಾಗ ಭವನದಲ್ಲಿ ಎಂದಿನ ಮಂಗಳವಾರವೇ ನಡೆದಿತ್ತು. ಹರೆಯದ ಸೊಸೆಯರು ಫುಗಡಿ ತಿರುಗುತ್ತಿದ್ದರು. ಚೌಕಾಬಾರದ ಸುತ್ತ ಜಗಳ ನಡೆದಿತ್ತು. "ಹುಸಿ ಹಾಕ್ತಿ, ನಿಮ್ಮವ್ವನ ಹಂಗ" ಎಂದು ಬೀಗತಿಯರಿಬ್ಬರು ಕವಡೆ ಕಿತ್ತುಕೊಂಡು ನಗುತ್ತಿದ್ದರು. ಗೋಡೆಯ ಬದಿಗೆ ಐದಾರು ಮಂದಿ ಸೆರಗು ಹೊದ್ದು ನಿದ್ದೆ ಹೋಗಿದ್ದರು. ಫೋಟೋದವನು ಅತ್ತಿತ್ತ ಅಡ್ಡಾಡಿ, ಎಲ್ಲಿ ನಿಂತರೂ ಒಬ್ಬರ ಬೆನ್ನೇ ಬರುವುದನ್ನು ಕಂಡು ಹೊರಗೆ ಹೋಗಿ ನಿಂತ.

ಮೇಡಂ ಒಳ್ಳೆಯ ಹೆಂಗಸು. ಕುರ್ಚಿ ತಂದರೂ ನೆಲದ ಮೇಲೇ ಕೂತರು. ಸ್ವಲ್ಪ ಹೊತ್ತು ಮುಗುಳ್ನಗುತ್ತ ನೋಡಿದರು. ಆಮೇಲೆ ವರದಾಳ ಕಡೆ ಬಾಗಿ ಕೇಳಿದರು. "ಮುಖ್ಯ ಕಾರ್ಯಕ್ರಮ ಯಾವಾಗ ಶುರು ಆಗತದ?"

"ಇದ ಕಾರ್ಯಕ್ರಮ ಮೇಡಂ."

"ಇವರು?" ಎಂದು ಮಲಗಿದವರನ್ನು ತೋರಿಸಿದರು.

"ಅವರೂ ಕಾರ್ಯಕ್ರಮಕ್ಕ ಬಂದವ್ರ."

ಮೇಡಂ ತಲೆಯಾಡಿಸಿದರು. ಅರ್ಥವಾಯಿತೆಂದೋ ಆಗಲಿಲ್ಲವೆಂದೋ ಹೇಳುವುದು ಕಷ್ಟವಾಗಿತ್ತು. ವರದಾ ವಾರದ ವಿಷಯ ಹೇಳಿದಳು. ಅದು ತನ್ನ ಲೆಕ್ಕದ ತಪ್ಪು ಎಂದೂ ಹೇಳಿದಳು. "ಇಂಟರೆಸ್ಟಿಂಗ್" ಎಂದರು ಮೇಡಂ. ಎಲೆಯಡಿಕೆ ತೆಗೆದುಕೊಂಡರು, ಸೋಮವ್ವನ ಕೈಯಿಂದ ಕುಂಕುಮ ಹಚ್ಚಿಸಿಕೊಂಡರು. ಧಾರವಾಡದಲ್ಲಿ ಇನ್ನೊಂದು ಸಭೆ ಇದೆ ಎಂದು ಎದ್ದರು. ಕಾರಿನ ಬಾಗಿಲ ಬಳಿ ಅಜಿತನೊಂದಿಗೆ ಬಹಳ ಹೊತ್ತು ಮಾತಾಡಿದರು. ವರದಾ ಒಳಗೇ ಉಳಿದಳು. ಮಲಗಿದ್ದ ಮುದುಕಿಯೊಬ್ಬಳ ಮುಖಕ್ಕೆ ಬಿಸಿಲು ಬರುತ್ತಿತ್ತು. ಕಿಟಕಿಯ ಕದ ಮುಚ್ಚಿದಳು.

ತಿರುಗಿ ಬರುವಾಗ ದಾರಿಯುದ್ದಕ್ಕೂ ಸಿಲಿಂಡರ್‌ಗಳು ಹಿಂದೆ ಖಡಖಡ ಎನ್ನುತ್ತಿದ್ದವು. ಪರಶು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. ನೌಕರಿಯ ಮಾತನ್ನು ಸೋಮವ್ವನ ಮುಂದೆ ಬಾಯಿ ಬಿಟ್ಟದ್ದಕ್ಕೆ ಅವನಿಗೆ ಒಳಗೊಳಗೇ ಅಳುಕು ಇದ್ದಂತಿತ್ತು. ಬೈಲಹೊಂಗಲ ಬರುವ ಹೊತ್ತಿಗೆ ಅಜಿತನ ಫೋನು ಬಂತು.

"ಮೇಡಂ, ಸಿಟ್ಟಾಗಿಲ್ಲ ಅವರು. ನಿಮ್ಮ ಬಗ್ಗೆ ಗೌರವ ಅದ ಅಂದ್ರು. ಆದ್ರ ಕಮಿಟಿ ಮುಂದ ಇಡಲಿಕ್ಕೆ ಏನರ ಬೇಕಲ್ರಿ? ಮಲಗಿದವರ ಫೋಟೋ ಇಡಲಿಕ್ಕೆ ಬರತದೇನು? ಇನ್ನೊಂದು ಅವಕಾಶ ಕೊಟ್ಟಾರ. ಬರೋ ಭಾನುವಾರ ಅಲ್ಲೇ ದೊಡವಾಡದಾಗ, ಅದ ರೊಟ್ಟಿ ಸ್ಪರ್ಧಾ. ವಾರ ಅಂತೂ ಇವತ್ತಿಗೆ ಮುಗೀತು. ಅವರೂ ಬರತಾರ. ಇದೊಂದು ಛೊಲೋ ಆತಂದ್ರ ನಿಮ್ಮ ಹೆಸರ ಖಾತ್ರಿ."

ವರದಾ ಹೊರಗೆ ನೋಡಿದಳು. ಸಂಜೆಯ ಸಂತೆ ಮುಗಿಸಿದ ಹೆಂಗಸರು ಚೀಲ ಹೊತ್ತು ಬಸ್‌ಸ್ಟ್ಯಾಂಡಿನ ಕಡೆ ಓಡುತ್ತಿದ್ದರು. ಈ ಬಸ್ಸು ತಪ್ಪಿದರೆ ರಾತ್ರಿಯ ರೊಟ್ಟಿಗೆ ತಡವಾಗುತ್ತದೆ.

"ಕೇಳಿಸಿತೇನ್ರಿ ಮೇಡಂ?"

"ಕೇಳಿಸ್ತು. ವಿಚಾರ ಮಾಡಿ ತಿಳಸ್ತೇನಿ."

ಮನೆಗೆ ಬಂದಾಗ ಇಂದಿರಾಬಾಯಿ ಜಗುಲಿಯ ಮೇಲೆ ಕೂತು ಬತ್ತಿ ಹೊಸೆಯುತ್ತಿದ್ದರು. "ಏನಾತು?" ಎಂದರು. "ಇನ್ನೂ ಏನೂ ಆಗಿಲ್ರಿ" ಎಂದು ವರದಾ ಹಗ್ಗವನ್ನು ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಒಳಗೆ ಹೋದಳು. ಮಿಲಿಂದ ಪೇಢೆಯ ಪೊಟ್ಟಣ ತಂದೇ ಬಿಟ್ಟಿದ್ದ. ಅರ್ಧ ಖಾಲಿಯಾಗಿತ್ತು.

"ನಿನಗಂತ ಎರಡು ಇಟ್ಟೇನಿ ನೋಡು" ಎಂದ. ಆಮೇಲೆ, "ಇವತ್ತ ಜ್ವಾಳದ ಬಕ್ಕರಿ ಮಾಡ್ತೀಯೇನು? ಬಿಸಿ ಬಿಸಿ. ನಿನ್ನ ರೊಟ್ಟಿ ಸ್ಪರ್ಧಾದ ಮಾತು ಕೇಳಿದಾಗಿಂದ ಅದ ತಲ್ಯಾಗ ಕೂತದ" ಎಂದ.

ಅವಳು ಪರಾತದಲ್ಲಿ ಜೋಳದ ಹಿಟ್ಟು ಸುರಿದುಕೊಂಡಳು. ನಡುವೆ ಕುದಿನೀರು ಹಾಕಿ ಕಲಸಿದಳು. ತವೆ ಕಾಯುತ್ತಿತ್ತು. ಅವಳು ತಟ್ಟುವ ಸಪ್ಪಳಕ್ಕೆ ಒಳಗೆ ಬಂದ ಮಿಲಿಂದ, "ನೋಡೋಣ ಸರಿ, ನಾನೂ ಒಂದು ಬಡೀತೇನಿ" ಎಂದು ಹಿಟ್ಟಿಗೆ ಕೈಹಾಕಿದ. ಉಂಡೆ ಅವನ ಅಂಗೈಗೆ ಅಂಟಿತು. ಎರಡು ಸಲ ಬಡಿಯುವಷ್ಟರಲ್ಲಿ ಒಂದು ಕಡೆ ದಪ್ಪವಾಗಿ, ಒಂದು ಕಡೆ ಹರಿದು, ಎತ್ತುವಾಗ ಮೂರು ತುಂಡಾಯಿತು. ಬಾಗಿಲಿಗೆ ಬಂದು ನಿಂತಿದ್ದ ಇಂದಿರಾಬಾಯಿ ಇಷ್ಟು ದೊಡ್ಡದಾಗಿ ನಕ್ಕದ್ದನ್ನು ವರದಾ ಬಹಳ ವರ್ಷಗಳಿಂದ ಕೇಳಿರಲಿಲ್ಲ. ಹಲ್ಲಿಲ್ಲದ ಬಾಯಿಯಿಂದ, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ.

"ಬಿಡೋ ಮಾರಾಯಾ, ಹಿಟ್ಟು ಹಾಳು" ಎಂದರು ಕಣ್ಣೊರೆಸಿಕೊಳ್ಳುತ್ತ.

ಮಿಲಿಂದ ಕೈ ತೊಳೆದು ಹೊರಗೆ ಹೋದ. ವರದಾ ಹರಿದ ಹಿಟ್ಟನ್ನು ಕೂಡಿಸಿ ಮತ್ತೆ ನಾದಿದಳು. ಅತ್ತೆಯ ನಗು ಇನ್ನೂ ಅಡುಗೆಮನೆಯಲ್ಲಿ ಉಳಿದಂತಿತ್ತು. ಅದರ ಪಕ್ಕದಲ್ಲೇ ಸೋಮವ್ವನ ಮಾತು ಬಂದು ಕೂತಿತು. ಬರದದ್ದನ್ನ ಮಾಡಿದ್ರ ಆಟ.

ಭಾನುವಾರ ಒಲೆ ಇರುತ್ತವೆ, ಹಂಚು ಇರುತ್ತವೆ. ಮೇಡಂಗೆ ಬೇಕಾದ ಬೆಂಕಿ, ಹೊಗೆ, ಸಪ್ಪಳ ಎಲ್ಲ ಇರುತ್ತದೆ. ಒಲೆಗಳ ಮುಂದೆ ಗಂಗಯ್ಯ ಕೂರುತ್ತಾನೆ. ಅವನ ಪಕ್ಕದಲ್ಲಿ ಕಮಿಟಿಯ ಉಳಿದವರು. ಸಾಲದಿದ್ದರೆ ಅಜಿತ ಸರ್. ಗಂಡಸರು ರೊಟ್ಟಿ ಬಡಿಯುತ್ತಾರೆಂದರೆ ಭಾನುವಾರವೂ ಹೊಲ ಬಿಟ್ಟು ಬರುವ ಸೋಮವ್ವ ಮತ್ತು ಅವಳ ಸಂಗಡಿಗರು ಎದುರಿಗೆ ಹಾಸಿದ ಜಮಖಾನೆಯ ಮೇಲೆ ಕಾಲು ಚಾಚಿ ಕೂತು ನೋಡುತ್ತಾರೆ, ಯಾವ ರೊಟ್ಟಿ ಎಷ್ಟು ತುಂಡಾಯಿತೆಂದು ಹೇಳುತ್ತಾರೆ. ನಿದ್ದೆ ಬಂದವರು ಮಲಗುತ್ತಾರೆ. ಕರೆಯುವ ಮೈಕು ತನ್ನ ಕೈಯಲ್ಲೇ ಇರುತ್ತದೆ. ಯಾರ ಹೆಸರು ಕರೆದರೆ ಯಾರು ಎಲ್ಲರೆದುರು ಒಲ್ಲೆ ಎನ್ನಲಾಗದೆ ಎದ್ದು ಬರುತ್ತಾರೆ ಎಂಬುದು ಇಷ್ಟು ವರ್ಷದಲ್ಲಿ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಮೇಡಂ ನಗಬಹುದು. ಮುಖ ಗಂಟಿಕ್ಕಿ ಎದ್ದೂ ಹೋಗಬಹುದು. ಆಗ ಖಾಯಂ ಎಂಬ ಮಾತು ಮತ್ತೆ ಅವಳ ಹೆಸರಿನ ಹತ್ತಿರ ಬರುವುದಿಲ್ಲ. ಅದನ್ನು ನೆನೆದು, ನಾದಿದ್ದ ಹಿಟ್ಟನ್ನೇ ಇನ್ನೊಮ್ಮೆ ನಾದಿದಳು. ಆದರೂ ಮನಸ್ಸು ತಿರುಗಲಿಲ್ಲ.

ಹಿಟ್ಟಿನ ಕೈಯನ್ನು ಸೀರೆಗೆ ಒರೆಸಿ, ಫೋನು ತೆಗೆದು ಅಜಿತನಿಗೆ ಬರೆದಳು. 'ಆಗಲಿ ಸರ್. ಭಾನುವಾರ ರೊಟ್ಟಿ ಸ್ಪರ್ಧೆ ಇಡೋಣ. ಹಿಟ್ಟು ಇನ್ನೊಂದು ಚೀಲ ಹೆಚ್ಚಿಗೆ ಬೇಕು.'

'ತುಂಬ ಸಂತೋಷ ಮೇಡಂ. ಹೆಚ್ಚಿಗೆ ಯಾಕೆ?' ಎಂದು ತಕ್ಷಣ ಉತ್ತರ ಬಂತು.

ಅವಳು ಫೋನನ್ನು ಹಿಟ್ಟಿನ ಡಬ್ಬಿಯ ಪಕ್ಕ ಬೋರಲು ಹಾಕಿದಳು. ಹೊರಗಿನಿಂದ ಮಿಲಿಂದ, "ಆತೇನು?" ಎಂದು ಕೂಗಿದ. "ಆತು, ಬರ್ರಿ" ಎಂದು ವರದಾ ಮೊದಲ ರೊಟ್ಟಿಯನ್ನು ತವೆಗೆ ಹಾಕಿ, ಅದರ ಮೇಲೆ ನೀರು ಸವರಿದಳು.